ಡೆಂಗಿ ಲಸಿಕೆಯ ಬೆಲೆ ಅನುಮೋದನೆಗೆ ಮೊದಲೇ ಬರಹಕ್ಕೆ ಬರಲಿ

ಇವರಿಗೆ,
ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು
ಮಹಾನಿರ್ದೇಶಕರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)
ನವದೆಹಲಿ

ಪ್ರತಿ: ಆರೋಗ್ಯ ಸಚಿವರು, ಕರ್ನಾಟಕ ಸರ್ಕಾರ

ಮಾನ್ಯರೇ,

2024ರ ಆಗಸ್ಟ್ 14ರಂದು ರೋಹ್ಟಕ್‌ನ ಸರ್ಕಾರಿ ವೈದ್ಯಕೀಯ ಸಂಸ್ಥೆ ಪಿಜಿಐಎಂಎಸ್‌ನಲ್ಲಿ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ ಶುರುವಾಯಿತು. 18 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 19 ಕೇಂದ್ರಗಳು, 10,335ಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರು, ಎರಡು ವರ್ಷಗಳ ನಿಗಾ. ಇದರ ಖರ್ಚಿನ ಹೆಚ್ಚಿನ ಪಾಲು ಐಸಿಎಂಆರ್‌ನದು, ಉಳಿದದ್ದು ಲಸಿಕೆ ತಯಾರಿಸುವ ಕಂಪನಿ ಪನೇಶಿಯಾ ಬಯೊಟೆಕ್‌ನದು ಎಂದು ನಿಮ್ಮದೇ ಪ್ರಕಟಣೆ ಹೇಳಿದೆ. ಲಸಿಕೆಯ ಮೂಲ ತಳಿಗಳಾದ ಟಿವಿ003 ಮತ್ತು ಟಿವಿ005 ರೂಪುಗೊಂಡಿದ್ದು ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ. ಡೆಂಗಿಯ 1, 3 ಮತ್ತು 4ನೇ ಮಾದರಿಯ ವೈರಸ್‌ಗಳ ಆರ್‌ಎನ್‌ಎ ತುದಿಯ ಭಾಗದಿಂದ ಕೆಲವು ಅಕ್ಷರಗಳನ್ನು ಕತ್ತರಿಸಿ ಅವುಗಳ ಶಕ್ತಿ ಕುಂದಿಸಿದ್ದು, 4ನೇ ಮಾದರಿಯ ಬೆನ್ನೆಲುಬಿಗೆ 2ನೇ ಮಾದರಿಯ ಹೊರಕವಚ ಜೋಡಿಸಿದ್ದು ಅಮೆರಿಕದ ತೆರಿಗೆದಾರರ ಹಣದಲ್ಲಿ ನಡೆದ ಕೆಲಸ.

ಹೀಗೆ ಈ ಲಸಿಕೆಯ ಬೀಜ ಸಾರ್ವಜನಿಕ ಹಣದ್ದು. ಎಲ್ಲಕ್ಕಿಂತ ದುಬಾರಿಯಾದ ಕೊನೆಯ ಪ್ರಯೋಗವೂ ಬಹುಪಾಲು ಸಾರ್ವಜನಿಕ ಹಣದ್ದು. ನಡುವಿನ ಕೆಲಸ ಕಂಪನಿಯದು: ಭಾರತೀಯ ಮಿಶ್ರಣವನ್ನು ಸಿದ್ಧಪಡಿಸಿದ್ದು, ತಯಾರಿಕಾ ವಿಧಾನಕ್ಕೆ ಪೇಟೆಂಟ್ ಪಡೆದದ್ದು, 2018-19ರಲ್ಲಿ ಮೊದಲೆರಡು ಹಂತಗಳ ಪ್ರಯೋಗ ಮುಗಿಸಿದ್ದು. ಅದನ್ನು ನಾವು ಕಡೆಗಣಿಸುವುದಿಲ್ಲ. ಇವೇ ತಳಿಗಳನ್ನು ಪಡೆದ ಮೂರು ಭಾರತೀಯ ಕಂಪನಿಗಳಲ್ಲಿ ಇದೇ ಎಲ್ಲರಿಗಿಂತ ಮುಂದೆ ಹೋಗಿದ್ದು ಸುಲಭದ ಮಾತಲ್ಲ.

ನಾವು ಕೇಳುವುದು ಇಷ್ಟು. ಔಷಧ ಮಹಾನಿಯಂತ್ರಕರ ಅನುಮತಿ ಸಿಗುವುದಕ್ಕೆ ಮೊದಲೇ ಈ ಲಸಿಕೆಯ ಬೆಲೆ, ಪೂರೈಕೆಯ ಹೊಣೆ ಮತ್ತು ಎರಡನೇ ತಯಾರಕರಿಗೆ ದಾರಿ, ಈ ಮೂರನ್ನೂ ಐಸಿಎಂಆರ್-ಕಂಪನಿ ಒಪ್ಪಂದದಲ್ಲಿ ಅಂಕಿಗಳಲ್ಲಿ ಬರೆದಿಡಿ, ಆ ಒಪ್ಪಂದವನ್ನು ಪ್ರಕಟಿಸಿ. ಈಗಾಗಲೇ ಬರೆದಿದ್ದರೆ ಪ್ರಕಟಿಸಿದರೆ ಸಾಕು. ಬರೆದಿಲ್ಲವಾದರೆ ತಿದ್ದುಪಡಿ ಒಪ್ಪಂದ ಮಾಡಿಕೊಳ್ಳಲು ಇದೇ ಸಮಯ. ಪ್ರಯೋಗದ ಹಣ, ಅದರ ದತ್ತಾಂಶ, ಮುಂದೆ ಬರಲಿರುವ ಸರ್ಕಾರಿ ಖರೀದಿ ಮೂರೂ ನಿಮ್ಮ ಕೈಯಲ್ಲಿರುವ ತನಕ ಮಾತ್ರ ನಿಮ್ಮ ಮಾತಿಗೆ ತೂಕವಿರುತ್ತದೆ.

ಅನುಮತಿ ಸಿಕ್ಕ ಮೇಲೆ ನೋಡಿಕೊಂಡರಾಯಿತು, ಕಾನೂನಿದೆಯಲ್ಲ ಎಂದು ನಿಮ್ಮ ಕಚೇರಿಗಳಲ್ಲೇ ಕೆಲವರು ಹೇಳಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅದು. ಆ ಕಾನೂನುಗಳನ್ನು ಒಂದೊಂದಾಗಿ ನೋಡಿ.

ಔಷಧ ಬೆಲೆ ನಿಯಂತ್ರಣ ಆದೇಶ 2013ರ 32ನೇ ಪ್ಯಾರಾ ದೇಶದಲ್ಲೇ ಸಂಶೋಧಿಸಿ ಪೇಟೆಂಟ್ ಪಡೆದ ಹೊಸ ಔಷಧಕ್ಕೆ ಐದು ವರ್ಷ ಬೆಲೆ ನಿಯಂತ್ರಣದಿಂದ ವಿನಾಯಿತಿ ಕೊಟ್ಟಿತ್ತು. 2019ರ ಜನವರಿಯ ತಿದ್ದುಪಡಿ ಅದನ್ನು ಪೇಟೆಂಟ್ ಇರುವ ಹೊಸ ಔಷಧಗಳಿಗೆಲ್ಲ ವಿಸ್ತರಿಸಿತು. ಸ್ವದೇಶಿ ಸಂಶೋಧನೆಗೆ ಪ್ರೋತ್ಸಾಹ ಕೊಡಲೆಂದೇ ಬರೆದ ನಿಯಮವಿದು. ಆದರೆ ಸಂಶೋಧನೆಗೆ ಹಣ ಕೊಟ್ಟದ್ದು ಕಂಪನಿಯೋ ಸರ್ಕಾರವೋ ಎಂಬ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ಹಾಗಾಗಿ ಜನರ ಹಣದಲ್ಲಿ ಹುಟ್ಟಿದ ಔಷಧವೂ ತನ್ನ ಮೊದಲ ಐದು ವರ್ಷ, ಅಂದರೆ ಬೆಲೆ ಅತಿ ಹೆಚ್ಚಿರುವ ವರ್ಷಗಳಲ್ಲೇ, ನಿಯಂತ್ರಣದಿಂದ ಹೊರಗೆ ಉಳಿಯಬಹುದು.

ಪೇಟೆಂಟ್ ಕಾಯ್ದೆಯ 84ನೇ ಸೆಕ್ಷನ್‌ನ ಕಡ್ಡಾಯ ಪರವಾನಗಿಗೆ (ಪೇಟೆಂಟ್ ಮಾಲೀಕರ ಒಪ್ಪಿಗೆಯಿಲ್ಲದೆಯೂ ಬೇರೆಯವರಿಗೆ ತಯಾರಿಸಲು ಕೊಡುವ ಅನುಮತಿ) ಪೇಟೆಂಟ್ ಸಿಕ್ಕು ಮೂರು ವರ್ಷ ಕಳೆಯಬೇಕು. ಬಾಯರ್ ಕಂಪನಿ ತಿಂಗಳಿಗೆ ₹2,80,428ಕ್ಕೆ ಮಾರುತ್ತಿದ್ದ ಕ್ಯಾನ್ಸರ್ ಔಷಧ ಸೊರಾಫೆನಿಬ್ ಅನ್ನು ₹8,880ಕ್ಕೆ ಮಾರಲು ಭಾರತೀಯ ಕಂಪನಿ ನ್ಯಾಟ್ಕೊಗೆ 2012ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ನ್ಯಾಯಾಲಯದ ಹಾದಿ ಮುಗಿದದ್ದು 2014ರ ಡಿಸೆಂಬರ್‌ನಲ್ಲಿ. ಆ ಸೆಕ್ಷನ್ ಅಡಿ ನಂತರ ಇನ್ನೊಂದು ಪರವಾನಗಿ ಬಂದಿಲ್ಲ. 92ನೇ ಸೆಕ್ಷನ್‌ಗೆ ತುರ್ತುಸ್ಥಿತಿ, ಅತಿ ತುರ್ತು ಇಲ್ಲವೇ ಸಾರ್ವಜನಿಕ ವಾಣಿಜ್ಯೇತರ ಬಳಕೆಯ ಕಾರಣ ಕೊಟ್ಟು ಕೇಂದ್ರ ಹೊರಡಿಸುವ ಅಧಿಸೂಚನೆ ಬೇಕು. ಕೋವಿಡ್‌ನ ಎರಡನೇ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ಈ ಅಧಿಕಾರಗಳನ್ನು ಬಳಸಿದರೆ ಪ್ರತಿಕೂಲವಾಗುತ್ತದೆ ಎಂದು ಕೇಂದ್ರವೇ ಸುಪ್ರೀಂ ಕೋರ್ಟ್‌ಗೆ ಹೇಳಿತು. ಅಂಥ ಹೊತ್ತಿನಲ್ಲೂ ಬಳಸದ ಅಧಿಕಾರವನ್ನು ಡೆಂಗಿಗೆ ಬಳಸುತ್ತೀರಿ ಎಂದು ನಂಬುವುದು ಹೇಗೆ?

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಲಸಿಕೆಗೆ ಬೀಗ ಹಾಕುವುದು ಪೇಟೆಂಟ್ ಒಂದೇ ಅಲ್ಲ. ಮಾತ್ರೆಯಾದರೆ ರಾಸಾಯನಿಕ ಸೂತ್ರ ನೋಡಿ ಇನ್ನೊಬ್ಬರು ಮಾಡಬಹುದು. ಜೀವಂತ ವೈರಸ್ ಲಸಿಕೆಗೆ ಮಾಸ್ಟರ್ ಸೀಡ್ (ಮೂಲ ವೈರಸ್‌ನ ದಾಸ್ತಾನು) ಬೇಕು, ವೈರಸ್ ಬೆಳೆಸುವ ವೆರೊ ಕೋಶಗಳ ಬ್ಯಾಂಕ್ ಬೇಕು, ಎಷ್ಟನೇ ಪೀಳಿಗೆಯವರೆಗೆ ಬೆಳೆಸಬಹುದು ಎಂಬ ಮಿತಿ, ಫ್ರೀಜ್-ಡ್ರೈ ಮಾಡುವಾಗ ವೈರಸ್ ಸಾಯದಂತೆ ಕಾಪಾಡುವ ಸಕ್ಕರೆ-ಪ್ರೋಟೀನ್ ಮಿಶ್ರಣ, ಆ ಯಂತ್ರದ ತಾಪ ಮತ್ತು ಒತ್ತಡದ ವೇಳಾಪಟ್ಟಿ, ಗುಣಮಟ್ಟದ ಪರೀಕ್ಷೆಗೆ ಹೋಲಿಕೆಯ ಮಾದರಿ, ಎಲ್ಲವೂ ಬೇಕು. ಪೇಟೆಂಟ್ ಕಚೇರಿಯ ಆದೇಶ ಇದರಲ್ಲಿ ಒಂದನ್ನೂ ಕೊಡಿಸಲಾರದು. ಒಪ್ಪಂದ ಮಾತ್ರ ಕೊಡಿಸಬಲ್ಲದು.

ಕೋವ್ಯಾಕ್ಸಿನ್ ಏನು ಕಲಿಸಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದು ಐಸಿಎಂಆರ್‌ನ ಸ್ವಂತ ಅನುಭವ. ವೈರಸ್ ಅನ್ನು ಪ್ರತ್ಯೇಕಿಸಿ ಕೊಟ್ಟಿದ್ದು ಐಸಿಎಂಆರ್‌ನದೇ ಅಂಗವಾದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಲಸಿಕೆಯ ಅಭಿವೃದ್ಧಿ ಮತ್ತು ತಯಾರಿಕೆ ಭಾರತ್ ಬಯೊಟೆಕ್‌ನದು. ಬೆಳಗಾವಿಯೂ ಸೇರಿ ಹಲವು ಊರುಗಳ ಜನ ಮೊದಲ ಪ್ರಯೋಗಗಳಿಗೆ ತೋಳು ಕೊಟ್ಟರು. ಮೂರನೇ ಹಂತದಲ್ಲಿ 25,800 ಮಂದಿ ಪಾಲ್ಗೊಂಡರು, ಅದಕ್ಕೆ ಐಸಿಎಂಆರ್ ಸುಮಾರು ₹35 ಕೋಟಿ ವೆಚ್ಚ ಮಾಡಿತು. ನಿವ್ವಳ ಮಾರಾಟದ ಮೇಲೆ ಶೇ 5ರಷ್ಟು ರಾಯಧನ ಎಂದು ಒಪ್ಪಂದವಾಗಿತ್ತು; 2022ರ ಆರಂಭದ ವೇಳೆಗೆ ಐಸಿಎಂಆರ್‌ಗೆ ₹171 ಕೋಟಿಗೂ ಹೆಚ್ಚು ಬಂದಿತ್ತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹಣದ ಲೆಕ್ಕದಲ್ಲಿ ಐಸಿಎಂಆರ್‌ಗೆ ನಷ್ಟವಾಗಲಿಲ್ಲ.

ಬೆಲೆಯ ಕಥೆ ಬೇರೆ. 2021ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ₹150, ರಾಜ್ಯಗಳಿಗೆ ₹600, ಖಾಸಗಿ ಆಸ್ಪತ್ರೆಗಳಿಗೆ ₹1,200 ಎಂದು ದರ ಪ್ರಕಟವಾಯಿತು. ಟೀಕೆ ಬಂದ ಮೇಲೆ ರಾಜ್ಯಗಳ ದರ ₹400ಕ್ಕೆ ಇಳಿಯಿತು. ಜೂನ್‌ನಲ್ಲಿ ಖಾಸಗಿ ಆಸ್ಪತ್ರೆ ಜನರಿಂದ ಪಡೆಯಬಹುದಾದ ಗರಿಷ್ಠ ಮೊತ್ತವನ್ನು ಸರ್ಕಾರ ₹1,410 ಎಂದು ನಿಗದಿ ಮಾಡಿತು. ಅದೇ ತಿಂಗಳು ₹150ರ ದರ ದೀರ್ಘಕಾಲ ಗಿಟ್ಟುವುದಿಲ್ಲ, ಖಾಸಗಿ ಮಾರಾಟದಿಂದಲೇ ಸರಿದೂಗಿಸಬೇಕು ಎಂದು ಕಂಪನಿ ಹೇಳಿಕೆ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಖಾಸಗಿ ಆಸ್ಪತ್ರೆಗಳ ದರವೂ ₹225ಕ್ಕೆ ಇಳಿಯಿತು. ಒಂದೇ ಸೀಸೆಯ ಮದ್ದಿಗೆ ಒಂದು ವರ್ಷದಲ್ಲಿ ಇಷ್ಟು ದರಗಳು. ಕಂಪನಿಯ ಮಾತು ಸರಿಯೇ ತಪ್ಪೇ ಎಂದು ಪರೀಕ್ಷಿಸಲು ಜನರ ಬಳಿ ಏನೂ ಇರಲಿಲ್ಲ. ತಯಾರಿಕಾ ವೆಚ್ಚದ ಪರಿಶೋಧಿತ ಲೆಕ್ಕವನ್ನು ಪ್ರಕಟಿಸುವ ಕರಾರು ಇದ್ದಿದ್ದರೆ ಈ ವಾದವೇ ಬೇಕಿರಲಿಲ್ಲ.

ಪೇಟೆಂಟ್ ವಿಷಯದಲ್ಲೂ ಹೀಗೆಯೇ. ಕೋವ್ಯಾಕ್ಸಿನ್‌ನ ಪೇಟೆಂಟ್ ಅರ್ಜಿಗಳಲ್ಲಿ ಐಸಿಎಂಆರ್ ಹೆಸರಿಲ್ಲ ಎಂಬುದು 2024ರಲ್ಲಿ ಸುದ್ದಿಯಾದ ಮೇಲೆ, ಅದು ಉದ್ದೇಶಪೂರ್ವಕವಲ್ಲ ಎಂದು ಹೇಳಿ ಕಂಪನಿ ಐಸಿಎಂಆರ್ ಅನ್ನು ಸಹ-ಮಾಲೀಕನಾಗಿ ಸೇರಿಸಲು ಮುಂದಾಯಿತು. ಸೇರಿಸಿದ್ದು ಸರಿ. ಆದರೆ ಸಹ-ಮಾಲೀಕತ್ವ ಸಿಕ್ಕಿತು ಎಂದು ಸಮಾಧಾನಪಡುವವರು ಪೇಟೆಂಟ್ ಕಾಯ್ದೆಯ 50ನೇ ಸೆಕ್ಷನ್ ಓದಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಸಹ-ಮಾಲೀಕರು ಆವಿಷ್ಕಾರವನ್ನು ತಾವು ಬಳಸಬಹುದು, ಮೂರನೆಯವರಿಗೆ ಪರವಾನಗಿ ಕೊಡಲು ಇನ್ನೊಬ್ಬ ಮಾಲೀಕರ ಒಪ್ಪಿಗೆ ಬೇಕು. ಐಸಿಎಂಆರ್‌ಗೆ ಲಸಿಕೆ ಕಾರ್ಖಾನೆ ಇಲ್ಲ. ಪರವಾನಗಿ ಕೊಡಲಾಗದ ಮಾಲೀಕತ್ವ ಅದರ ಕೈಯಲ್ಲಿ ಬರೀ ಕಾಗದ. ಆದ್ದರಿಂದ ಪ್ರತಿ ಜಂಟಿ ಸಂಶೋಧನಾ ಒಪ್ಪಂದದಲ್ಲೂ ಒಂದು ಸಾಲು ಇರಲೇಬೇಕು: 50ನೇ ಸೆಕ್ಷನ್‌ನಲ್ಲಿ ಏನೇ ಇದ್ದರೂ, ಸಾರ್ವಜನಿಕ ಆರೋಗ್ಯದ ಉದ್ದೇಶಕ್ಕೆ ಇತರ ತಯಾರಕರಿಗೆ ಪರವಾನಗಿ ನೀಡಲು ಐಸಿಎಂಆರ್‌ಗೆ ಇನ್ನೊಬ್ಬ ಮಾಲೀಕರ ಒಪ್ಪಿಗೆ ಬೇಕಿಲ್ಲ.

ಇದರ ಜೊತೆಗೇ 100(2)ನೇ ಸೆಕ್ಷನ್. ಆವಿಷ್ಕಾರವನ್ನು ಪೇಟೆಂಟ್‌ನ ಆದ್ಯತಾ ದಿನಕ್ಕೆ (ಮೊದಲ ಅರ್ಜಿ ಸಲ್ಲಿಸಿದ ದಿನ) ಮೊದಲೇ ಸರ್ಕಾರ ಅಥವಾ ಅದರ ಪರವಾಗಿ ಯಾರಾದರೂ ದಾಖಲಿಸಿದ್ದರೆ ಇಲ್ಲವೇ ಪರೀಕ್ಷಿಸಿದ್ದರೆ, ಸರ್ಕಾರ ಅದನ್ನು ರಾಯಧನವಿಲ್ಲದೆ ಬಳಸಬಹುದು. ಈ ಹಕ್ಕು ನಿಲ್ಲುವುದು ಪ್ರಯೋಗಾಲಯದ ನೋಟ್‌ಬುಕ್ಕಿನ ಮೇಲೆ. ಪುಟಕ್ಕೆ ಕ್ರಮಸಂಖ್ಯೆ, ದಿನಾಂಕ, ಪ್ರಯೋಗ ಮಾಡಿದವರ ಸಹಿ, ಅದನ್ನು ಓದಿ ಅರ್ಥಮಾಡಿಕೊಂಡ ಇನ್ನೊಬ್ಬರ ಸಹಿ ಇವಿಷ್ಟಿದ್ದರೆ ದಾಖಲೆ ನಿಲ್ಲುತ್ತದೆ. ಬಿಡಿ ಹಾಳೆ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ನಡೆದ ವಿನಿಮಯ ನಿಲ್ಲುವುದಿಲ್ಲ. ವೈರಸ್ ಮಾದರಿಯನ್ನು ಕಂಪನಿಗೆ ಕಳಿಸುವಾಗ ವಸ್ತು ವರ್ಗಾವಣೆ ಒಪ್ಪಂದಕ್ಕೆ ಸಹಿ ಬಿದ್ದ ದಿನ, ಮಾದರಿ ಹೊರಟ ದಿನ ಎರಡೂ ಹೊಂದಿಕೆಯಾಗಬೇಕು. ಮಾದರಿ ಮೊದಲು ಹೋಗಿ ಕಾಗದ ಆಮೇಲೆ ಬಂದರೆ ಹಕ್ಕು ಸೋರಿಹೋಗುವುದು ಅಲ್ಲೇ.

ಬೆಲೆಯ ಷರತ್ತನ್ನು ಹೇಗೆ ಬರೆಯಬೇಕು? "ನ್ಯಾಯಯುತ ಬೆಲೆ", "ಕೈಗೆಟುಕುವ ದರ" ಎಂಬ ಪದಗಳನ್ನು ದಯವಿಟ್ಟು ಬಳಸಬೇಡಿ. ಅವನ್ನು ಜಾರಿ ಮಾಡಲಾಗದು. 1989ರಿಂದ 1995ರವರೆಗೆ ಎನ್‌ಐಎಚ್‌ನ ಸಹಯೋಗ ಒಪ್ಪಂದಗಳಲ್ಲಿ ಇಂಥ ಬೆಲೆ ಷರತ್ತು ಇತ್ತು. ಕಂಪನಿಗಳು ದೂರ ಸರಿಯುತ್ತಿವೆ ಎಂಬ ಕಾರಣ ಕೊಟ್ಟು ಅದನ್ನು ಕೈಬಿಟ್ಟರು. ಆ ದೂರಿನಲ್ಲಿ ಸ್ವಲ್ಪ ನಿಜವೂ ಇದೆ: ಎಷ್ಟು ಎಂದು ಹೇಳದ ಷರತ್ತು ಹೂಡಿಕೆದಾರರಿಗೆ ಅನಿಶ್ಚಯ, ಜನರಿಗೆ ನಿಷ್ಪ್ರಯೋಜಕ.

ಅಂಕಿ ಬರೆದಾಗ ಏನಾಯಿತು ನೋಡಿ. ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ ರೋಟಾವ್ಯಾಕ್‌ನ 116ಇ ತಳಿ ಸಿಕ್ಕಿದ್ದು 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ನವಜಾತ ಶಿಶುಗಳಲ್ಲಿ. ಜೈವಿಕ ತಂತ್ರಜ್ಞಾನ ಇಲಾಖೆ, ಗೇಟ್ಸ್ ಪ್ರತಿಷ್ಠಾನ, ಪಾಥ್ ಸಂಸ್ಥೆ ಸೇರಿ ಹಲವರು ಬೆಂಬಲಿಸಿದ ಆ ಯೋಜನೆಯಲ್ಲಿ ಡೋಸ್‌ಗೆ ಒಂದು ಡಾಲರ್ ಎಂಬ ಬೆಲೆಯನ್ನು ಭಾರತ್ ಬಯೊಟೆಕ್ ಅನುಮತಿಗೆ ಮುಂಚೆಯೇ ಒಪ್ಪಿತ್ತು. 2016ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಬಂತು. ಕೋವ್ಯಾಕ್ಸಿನ್ ಮಾಡಿದ್ದೂ ಇದೇ ಕಂಪನಿ. ಕಂಪನಿ ಬದಲಾಗಲಿಲ್ಲ, ಕಾಗದದಲ್ಲಿ ಬರೆದದ್ದು ಬದಲಾಯಿತು. ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಹೆಚ್ಚಾಗಿರುವ ಆಫ್ರಿಕಾದ ದೇಶಗಳಿಗಾಗಿ ಪುಣೆಯ ಸೀರಂ ಸಂಸ್ಥೆ ಮಾಡಿದ ಮೆನ್‌ಆಫ್ರಿವ್ಯಾಕ್‌ನದೂ ಹೀಗೆಯೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಯೋಗಾಲಯದ ಜೋಡಣಾ ತಂತ್ರ, 50 ಸೆಂಟ್‌ಗಿಂತ ಕಡಿಮೆ ಬೆಲೆ ಎಂಬ ಗುರಿ ಮೊದಲೇ ನಿಶ್ಚಯ, 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಲಸಿಕೆ. ಬೆಲೆ ಕಟ್ಟಿದರೆ ಯಾರೂ ಬರುವುದಿಲ್ಲ ಎನ್ನುವವರಿಗೆ ಈ ಎರಡು ಲಸಿಕೆಗಳು ಉತ್ತರ. ಬೆಲೆಯ ಜೊತೆ ಖರೀದಿಯ ಪ್ರಮಾಣದ ಭರವಸೆ ಇದ್ದರೆ ತಯಾರಕರು ಬರುತ್ತಾರೆ. ಲಸಿಕೆಯ ವೆಚ್ಚದಲ್ಲಿ ಕಟ್ಟಡ, ಯಂತ್ರ, ಸಿಬ್ಬಂದಿ, ಗುಣಪರೀಕ್ಷೆಯಂಥ ಸ್ಥಿರ ಖರ್ಚೇ ದೊಡ್ಡದು. ಡೋಸ್‌ಗಳ ಸಂಖ್ಯೆ ಏರಿದಂತೆ ಒಂದೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಹಾಗಾಗಿ ಸರ್ಕಾರವೂ ಕೈಬಿಚ್ಚಬೇಕು: ಮೊದಲ ಮೂರು ವರ್ಷ ಕನಿಷ್ಠ ಇಷ್ಟು ಡೋಸ್ ಕೊಳ್ಳುತ್ತೇವೆ ಎಂದು ಬರೆದುಕೊಡಬೇಕು.

ಸೂತ್ರ ಹೀಗಿರಲಿ ಎಂಬುದು ನಮ್ಮ ಸಲಹೆ. ಪರಿಶೋಧಿತ ತಯಾರಿಕಾ ವೆಚ್ಚದ ಮೇಲೆ ನಿಗದಿತ ಲಾಭಾಂಶ; ಸಾರ್ವಜನಿಕ ಹಣದಲ್ಲಿ ನಡೆದ ಪ್ರಯೋಗದ ಖರ್ಚನ್ನು ಆ ವೆಚ್ಚದಲ್ಲಿ ಸೇರಿಸುವಂತಿಲ್ಲ; ಖಾಸಗಿ ಮಾರುಕಟ್ಟೆಯ ದರ ಸರ್ಕಾರಿ ದರದ ಇಂತಿಷ್ಟು ಪಟ್ಟು ಮೀರುವಂತಿಲ್ಲ; ಬೇಡಿಕೆ ನಿಗದಿತ ಹಂತಗಳನ್ನು ದಾಟಿದಾಗ ದರ ತಾನಾಗಿ ಇಳಿಯಬೇಕು; ರಾಜ್ಯಗಳಿಗೂ ಕೇಂದ್ರದ ದರವೇ.

ದರವನ್ನು ಯಾವುದರ ಮೇಲೆ ಎಣಿಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಜೀವಂತ ವೈರಸ್ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ದ್ರಾವಕ ಬೆರೆಸಿ ಕೊಡಬೇಕು. ವೈರಸ್ ಸಾಯುತ್ತದೆಂದು ಸಂರಕ್ಷಕ ಹಾಕುವಂತಿಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಎಸೆಯುವುದು ಇದಕ್ಕೇ. ಡೋಸ್‌ಗೆ ₹100ರಂತೆ ಹತ್ತು ಡೋಸ್‌ನ ಸೀಸೆ ₹1,000ಕ್ಕೆ ಬಂತು ಎನ್ನಿ. ಉಪಕೇಂದ್ರದಲ್ಲಿ ಆ ದಿನ ಆರು ಜನ ಬಂದರೆ ಒಬ್ಬೊಬ್ಬರಿಗೆ ಬಿದ್ದ ನಿಜವಾದ ಬೆಲೆ ₹167. ಹತ್ತು ಡೋಸ್‌ನ ಸೀಸೆಗೆ ಕಡಿಮೆ ದರ ನಮೂದಿಸಿ ಟೆಂಡರ್ ಗೆಲ್ಲುವುದು, ಆಮೇಲೆ ವ್ಯರ್ಥದ ಹೊರೆಯನ್ನು ರಾಜ್ಯಗಳ ಮೇಲೆ ಹಾಕುವುದು ಸುಲಭ. ಒಪ್ಪಂದದಲ್ಲಿ ಒಂದು, ಐದು, ಹತ್ತು ಡೋಸ್‌ಗಳ ಸೀಸೆಗೆ ಪ್ರತ್ಯೇಕ ದರ ಬರೆಸಿ, ಸಣ್ಣ ಸೀಸೆಯನ್ನೂ ಪೂರೈಸುವ ಹೊಣೆ ಹೊರಿಸಿ.

ರಾಯಧನದ ವಿಷಯ. ಶೇ 5ರ ಲೆಕ್ಕದಲ್ಲಿ ₹150ರ ಡೋಸ್‌ಗೆ ₹7.50 ಬರುತ್ತದೆ, ₹1,200ರ ಡೋಸ್‌ಗೆ ₹60. ಬೆಲೆ ಏರಿದಷ್ಟೂ ಸಂಶೋಧನಾ ಮಂಡಳಿಗೆ ಆದಾಯ. ಜನರ ಪರವಾಗಿ ಚೌಕಾಸಿ ಮಾಡಬೇಕಾದ ಸಂಸ್ಥೆಯನ್ನು ಇಂಥ ಸ್ಥಾನದಲ್ಲಿ ಕೂರಿಸಬಾರದು. ಸರ್ಕಾರ ಕೊಳ್ಳುವ ಡೋಸ್‌ಗಳ ಮೇಲೆ ರಾಯಧನ ತೆಗೆದುಬಿಡಿ; ಅದು ಹೇಗೂ ಬೆಲೆಯಲ್ಲಿ ಸೇರಿ ಬೊಕ್ಕಸದಿಂದಲೇ ಹೋಗುತ್ತದೆ. ಖಾಸಗಿ ಮಾರಾಟ ಮತ್ತು ರಫ್ತಿನ ಮೇಲೆ ಬೇಕಾದರೆ ಹೆಚ್ಚಿಸಿ. "ನಿವ್ವಳ ಮಾರಾಟ" ಎಂಬುದಕ್ಕೆ ವ್ಯಾಖ್ಯೆ ಕೊಡದಿದ್ದರೆ ತಮ್ಮದೇ ಅಂಗಸಂಸ್ಥೆಗೆ ಕಡಿಮೆ ದರಕ್ಕೆ ಮಾರಿದ ಮೊದಲ ಬಿಲ್ಲನ್ನೇ ತೋರಿಸುವ ದಾರಿ ತೆರೆದಿರುತ್ತದೆ. ಸಂಬಂಧವಿಲ್ಲದ ಹೊರಗಿನ ಖರೀದಿದಾರರಿಗೆ ಆದ ಮೊದಲ ಮಾರಾಟವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ತ್ರೈಮಾಸಿಕದ ಲೆಕ್ಕಪತ್ರ, ಪುಸ್ತಕಗಳನ್ನು ತಪಾಸಣೆ ಮಾಡುವ ಹಕ್ಕು ಸಾಮಾನ್ಯ ವಾಣಿಜ್ಯ ಕರಾರುಗಳಲ್ಲೇ ಇರುತ್ತವೆ, ಇಲ್ಲೂ ಇರಲಿ.

ಎರಡನೇ ತಯಾರಕರ ಬಗ್ಗೆ. ಪೂರೈಕೆ ನಿಗದಿಗಿಂತ ಕಡಿಮೆಯಾದರೆ, ದರ ಮೀರಿದರೆ, ಇಲ್ಲವೇ ಅನುಮತಿ ಸಿಕ್ಕ ಇಷ್ಟು ತಿಂಗಳೊಳಗೆ ಮಾರುಕಟ್ಟೆಗೆ ಬರದಿದ್ದರೆ ಐಸಿಎಂಆರ್ ಇನ್ನೊಬ್ಬ ತಯಾರಕರನ್ನು ಕರೆಯಬಹುದು ಎಂದಿರಲಿ. ಅದು ಬಾಯಿಮಾತಾಗಬಾರದೆಂದರೆ ವರ್ಕಿಂಗ್ ಸೀಡ್‌ನ (ಮಾಸ್ಟರ್ ಸೀಡ್‌ನಿಂದ ಬೆಳೆಸಿ ತಯಾರಿಕೆಗೆ ಬಳಸುವ ವೈರಸ್ ದಾಸ್ತಾನು) ಒಂದು ಭಾಗ, ಕೋಶ ಬ್ಯಾಂಕ್‌ನ ಮಾದರಿ, ತಯಾರಿಕಾ ಕೈಪಿಡಿಯ ಮುದ್ರೆ ಹಾಕಿದ ಪ್ರತಿ ಈಗಲೇ ಎನ್‌ಐವಿಯಂಥ ಸರ್ಕಾರಿ ಸಂಸ್ಥೆಯ ವಶದಲ್ಲಿರಬೇಕು. ವಿವಾದ ಶುರುವಾದ ಮೇಲೆ ಯಾರೂ ಕೊಡುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಕೋವ್ಯಾಕ್ಸಿನ್ ತಯಾರಿಕೆಗೆ ಹಾಫ್‌ಕಿನ್, ಇಂಡಿಯನ್ ಇಮ್ಯುನಲಾಜಿಕಲ್ಸ್, ಬಿಬ್‌ಕಾಲ್ ಸಂಸ್ಥೆಗಳನ್ನು ಸಜ್ಜುಗೊಳಿಸುವ ಯೋಜನೆ ಘೋಷಣೆಯಾಯಿತು. ಜನ ಲಸಿಕೆಗಾಗಿ ಸಾಲು ನಿಂತಿದ್ದ ತಿಂಗಳು ಅದು. ಜೈವಿಕ ಸುರಕ್ಷತೆಯ ಘಟಕ ಕಟ್ಟಿ, ತಂತ್ರಜ್ಞಾನ ಕಲಿತು, ಬ್ಯಾಚ್‌ಗಳನ್ನು ಪರೀಕ್ಷೆಗೆ ಕಳಿಸಿ ಪಾಸಾಗಲು ತಿಂಗಳುಗಳೇ ಬೇಕು. ಮಲೇರಿಯಾದ ಆ್ಯಡ್‌ಫಾಲ್ಸಿವ್ಯಾಕ್ ಲಸಿಕೆಗೆ 2025ರಲ್ಲಿ ಐಸಿಎಂಆರ್ ಕಂಪನಿಗಳಿಂದ ಆಸಕ್ತಿ ಪತ್ರ ಕರೆದು, ಒಂದಕ್ಕಿಂತ ಹೆಚ್ಚು ತಯಾರಕರಿಗೆ ಪರವಾನಗಿ ಕೊಡುವ ಹಾದಿ ಹಿಡಿದದ್ದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಡೆಂಗಿಗೂ ಅದೇ ಹಾದಿ ಬೇಕು. ಈ ಲಸಿಕೆಯನ್ನು ಸರ್ಕಾರಿ ಸಂಸ್ಥೆಯೂ ಮಾಡಬಲ್ಲದು: ಇವೇ ಎನ್‌ಐಎಚ್ ತಳಿಗಳಿಂದ ಬ್ರೆಜಿಲ್‌ನಲ್ಲಿ ಲಸಿಕೆ ಮಾಡಿ 2025ರ ನವೆಂಬರ್‌ನಲ್ಲಿ ಅನುಮತಿ ಪಡೆದ ಬುಟಾಂಟನ್, ಸಾವೊ ಪಾಲೊ ರಾಜ್ಯ ಸರ್ಕಾರದ ಸಂಸ್ಥೆ.

ಎಲ್ಲದಕ್ಕೂ ಒಂದೇ ಅಚ್ಚು ಹೊಂದುವುದಿಲ್ಲ ಎಂಬುದು ನಮಗೆ ಗೊತ್ತು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ಹುಟ್ಟಿ, 2023ರ ಅಕ್ಟೋಬರ್‌ನಲ್ಲಿ ಅನುಮತಿ ಪಡೆದ ಕ್ಯಾನ್ಸರ್ ಕೋಶ ಚಿಕಿತ್ಸೆ ನೆಕ್ಸ್‌ಕಾರ್19 ಅಮೆರಿಕದ ಇಂಥ ಚಿಕಿತ್ಸೆಗಳಿಗಿಂತ ಬಹಳ ಅಗ್ಗ, ಆದರೂ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ₹40 ಲಕ್ಷದ ಆಸುಪಾಸು ಇತ್ತು. ರೋಗಿಯದೇ ಕೋಶಗಳನ್ನು ಮಾರ್ಪಡಿಸಿ ಕೊಡುವುದರಿಂದ ಅಲ್ಲಿ ಒಬ್ಬ ರೋಗಿಗೆ ಒಂದು ಬ್ಯಾಚ್, ಆದ್ದರಿಂದ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಬೆಲೆ ಅಷ್ಟಾಗಿ ಇಳಿಯದು. ಹೊಸ ಜೀನ್ ಅನ್ನು ಕೋಶದೊಳಕ್ಕೆ ಒಯ್ಯುವ ವೈರಲ್ ವೆಕ್ಟರ್‌ನ ವೆಚ್ಚ ಬಹಿರಂಗವಾಗಬೇಕು, ಸರ್ಕಾರಿ ಆಸ್ಪತ್ರೆಗಳಿಗೆ ತಮ್ಮಲ್ಲೇ ಕೋಶ ತಯಾರಿಸುವ ಹಕ್ಕು ಬೇಕು. ಅದನ್ನು ಬೇರೆಯಾಗಿ ಬರೆಯುತ್ತೇವೆ.

ಸರ್ಕಾರಿ ಹಣದಲ್ಲಿ ನಡೆದ ಸಂಶೋಧನೆಯ ಪೇಟೆಂಟ್‌ಗಳಿಗಾಗಿ ಇರುವ ಅಮೆರಿಕದ ಬೇ-ಡೋಲ್ ಕಾಯ್ದೆಯಂಥದ್ದನ್ನು ತಂದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಸರ್ಕಾರಿ ಹಣದ ಆವಿಷ್ಕಾರವನ್ನು ಬೇರೆಯವರಿಗೆ ಕೊಡಿಸುವ ಅಧಿಕಾರ ಆ ಕಾಯ್ದೆಯಲ್ಲಿ 1980ರಿಂದ ಇದೆ, ಒಮ್ಮೆಯೂ ಬಳಕೆಯಾಗಿಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎನ್‌ಐಎಚ್ ಮತ್ತು ಸೇನೆಯ ಹಣದಿಂದ ಹುಟ್ಟಿದ ಪ್ರಾಸ್ಟೇಟ್ ಕ್ಯಾನ್ಸರ್ ಔಷಧ ಎಂಜಲುಟಮೈಡ್‌ಗಾಗಿ ರೋಗಿಗಳು ಕೇಳಿದಾಗಲೂ 2023ರ ಮಾರ್ಚ್‌ನಲ್ಲಿ ಎನ್‌ಐಎಚ್ ನಿರಾಕರಿಸಿತು. ಅದೇ ಔಷಧದ ಪೇಟೆಂಟ್ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿ 2016ರಲ್ಲೇ ತಿರಸ್ಕರಿಸಿತ್ತು. ಬೇ-ಡೋಲ್ ಮಾದರಿಯಲ್ಲಿ 2008ರಲ್ಲಿ ರಾಜ್ಯಸಭೆಗೆ ತಂದ ಮಸೂದೆಯನ್ನು 2014ರಲ್ಲಿ ಹಿಂಪಡೆದದ್ದರಿಂದ ನಾವೇನೂ ಕಳೆದುಕೊಳ್ಳಲಿಲ್ಲ. ಆದರೆ ಆ ಕಾಯ್ದೆಯಿಂದ ಎರವಲು ತರಬೇಕಾದ ಒಂದು ನಿಯಮವಿದೆ: ಸರ್ಕಾರದ ಹಣ ಬಳಕೆಯಾಗಿದ್ದರೆ ಪೇಟೆಂಟ್ ದಾಖಲೆಯ ಒಳಗೇ ಅದನ್ನು ಬರೆಯುವುದು ಅಲ್ಲಿ ಕಡ್ಡಾಯ. ನಮ್ಮ ಪೇಟೆಂಟ್ ನಿಯಮಗಳ ಫಾರಂ 1ಕ್ಕೆ (ಪೇಟೆಂಟ್ ಅರ್ಜಿಯ ನಮೂನೆ) ಒಂದು ಅಂಕಣ ಸೇರಿಸಿದರೆ ಸಾಕು, ಯಾವ ಇಲಾಖೆ, ಯಾವ ಅನುದಾನ, ಎಷ್ಟು ಮೊತ್ತ ಎಂದು. ಸಂಸತ್ತಿನ ಕಾಯ್ದೆ ಬೇಕಿಲ್ಲ, ನಿಯಮ ತಿದ್ದುಪಡಿ ಸಾಕು.

ಒಪ್ಪಂದ ಕೇಳಿದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ತೋರಿಸಿ ವಾಣಿಜ್ಯ ಗೋಪ್ಯತೆ ಎಂದು ನಿರಾಕರಿಸುವ ರೂಢಿಯಿದೆ. ಅದೇ ಉಪಸೆಕ್ಷನ್ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬೇಕು ಎಂದೂ ಹೇಳುತ್ತದೆ. ತಯಾರಿಕಾ ರಹಸ್ಯದ ಪುಟಗಳನ್ನು ಮುಚ್ಚಿ, ಬೆಲೆ, ರಾಯಧನ, ಪೂರೈಕೆ, ಮಾಲೀಕತ್ವದ ಪುಟಗಳನ್ನು ಐಸಿಎಂಆರ್ ಜಾಲತಾಣದಲ್ಲಿ ಹಾಕುವುದಕ್ಕೆ ಯಾವ ಕಾನೂನಿನ ತೊಡಕೂ ಇಲ್ಲ. ಪ್ರಯೋಗದ ದತ್ತಾಂಶವನ್ನೂ ಐಸಿಎಂಆರ್ ತನ್ನದಾಗಿ ಉಳಿಸಿಕೊಳ್ಳಬೇಕು. ಎರಡನೇ ತಯಾರಕರು ಹತ್ತು ಸಾವಿರ ಜನರ ಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಬೇಕಾಗಿ ಬಂದರೆ ಪರವಾನಗಿ ಇದ್ದೂ ಪ್ರಯೋಜನವಿಲ್ಲ.

ಕರ್ನಾಟಕ ಸರ್ಕಾರಕ್ಕೆ ಒಂದು ಮಾತು. 2024ರಲ್ಲಿ ನೀವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಿರಿ. ಅದಕ್ಕೂ ಮುನ್ನ ಡೆಂಗಿ ಪರೀಕ್ಷೆಗೆ ದರ ಮಿತಿ ಹಾಕಿದಿರಿ. ಪರೀಕ್ಷೆಯ ದರಕ್ಕೆ ತೋರಿದ ಕಾಳಜಿಯನ್ನು ಲಸಿಕೆಯ ದರಕ್ಕೂ ಈಗಲೇ ತೋರಿಸಿ. ರಾಜ್ಯದಲ್ಲಿ ಒಂದು ಕೋಟಿ ಜನರಿಗೆ ಒಂದೊಂದು ಡೋಸ್ ಲಸಿಕೆ ಹಾಕುವುದಾದರೆ, ಡೋಸ್‌ಗೆ ₹100 ವ್ಯತ್ಯಾಸವೆಂದರೆ ₹100 ಕೋಟಿ. ಪೇಟೆಂಟ್ ಕಾಯ್ದೆಯ 99ನೇ ಸೆಕ್ಷನ್‌ನಲ್ಲಿ ಹೇಳಿರುವ ಸರ್ಕಾರಿ ಬಳಕೆಯಲ್ಲಿ ರಾಜ್ಯ ಸರ್ಕಾರದ ಬಳಕೆಯೂ ಸೇರಿದೆ, ಆದರೆ ಅದಕ್ಕೆ ಅಧಿಕಾರ ಕೊಡಬೇಕಾದದ್ದು ಕೇಂದ್ರ. ಆದ್ದರಿಂದ ರಾಜ್ಯಗಳಿಗೂ ಒಂದೇ ದರ ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಿ ಎಂದು ಐಸಿಎಂಆರ್‌ಗೆ ಲಿಖಿತವಾಗಿ ಕೇಳಿ. ಆ ಪತ್ರವನ್ನೂ ಪ್ರಕಟಿಸಿ.

ಮೇಲೆ ಹೇಳಿದ ಷರತ್ತುಗಳನ್ನು ಕಾನೂನಿನ ಭಾಷೆಯಲ್ಲಿ ಕರಡು ಮಾಡಿಕೊಡಲು ನಾವು ಸಿದ್ಧ. ಕಂಪನಿಯ ಪ್ರತಿನಿಧಿಗಳ ಸಮ್ಮುಖದಲ್ಲೇ ಚರ್ಚೆಗೆ ಕರೆದರೆ ಇನ್ನೂ ಒಳ್ಳೆಯದು. ಅನುಮತಿಯ ಅರ್ಜಿ ತಜ್ಞರ ಸಮಿತಿಯ ಮುಂದೆ ಬರುವುದಕ್ಕೆ ಮೊದಲು ಆ ಸಭೆ ನಡೆಯಬೇಕು.

ಇಂತಿ,
ಲಸಿಕೆ ತಯಾರಿಕೆ, ಪೇಟೆಂಟ್ ಕಾನೂನು ಮತ್ತು ಸರ್ಕಾರಿ ಔಷಧ ಖರೀದಿಯ ಕ್ಷೇತ್ರಗಳಲ್ಲಿ ಕೆಲಸ ಮಾಡುವ ಕನ್ನಡಿಗರು